ವಲ್ಲಿಯ ಕೆಳಗಿನ ಮಾತು

ನನ್ನ ಸೋದರಮಾವ ದನದ ದಲಾಲ. ನಾಗಣಸೂರಿನ ಮನೆಯಿಂದ ಹೊರಬಿದ್ದರೆ ಅಕ್ಕಲಕೋಟೆ, ಮಂದ್ರೂಪ, ಸೋಲಾಪುರ ಎಂದು ದನದ ಸಂತೆಗಳನ್ನೆಲ್ಲ ಮುಗಿಸಿಕೊಂಡೇ ತಿರುಗಿ ಬರುವ ಮನುಷ್ಯ. ಒಂದು ಜೋಡಿ ಎತ್ತು ಮಾರಾಟಕ್ಕೆ ನಿಂತರೆ ಮಾರುವವನ ಕಡೆಗೊಬ್ಬ, ಕೊಳ್ಳುವವನ ಕಡೆಗೊಬ್ಬ ದಲಾಲ ಇರುತ್ತಿದ್ದ. ಇಬ್ಬರೂ ಎದುರುಬದುರು ಕುಕ್ಕರಗಾಲಲ್ಲಿ ಕೂತು, ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹಾಸಿಕೊಂಡು, ಅದರ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಬೆಲೆ ಹೇಳುತ್ತಿದ್ದರು. ಬಾಯಿಂದ ಬರುವುದು ಬರೀ "ಇಷ್ಟು", "ಆಗೂದಿಲ್ಲ", "ಇನ್ನೊಂದೀಟು ಮ್ಯಾಲ ಬರ್ರಿ" ಅನ್ನುವಷ್ಟೇ. ಸುತ್ತ ನಿಂತವರಿಗೆ ಬಟ್ಟೆ ಅಲುಗಾಡುವುದು ಕಾಣುತ್ತಿತ್ತು, ಬೆಲೆ ಕಾಣುತ್ತಿರಲಿಲ್ಲ. ವ್ಯಾಪಾರ ಕುದುರಲಿ, ಮುರಿಯಲಿ, ಒಳಗೆ ನಡೆದದ್ದನ್ನು ಹೊರಗೆ ಆಡುವವನನ್ನು ಮರುವಾರ ಸಂತೆಯಲ್ಲಿ ಯಾರೂ ಹತ್ತಿರ ಕೂಡಿಸಿಕೊಳ್ಳುತ್ತಿರಲಿಲ್ಲ.

ನಾನು ಆ ದಂಧೆಯವನಲ್ಲ. ನನ್ನದು ಕಾಳುಕಡಿಯ ವ್ಯಾಪಾರ. ಅಪ್ಪ ಇಲ್ಲದವನು ನಾನು, ಕುಸುಬೆ, ಶೇಂಗಾ, ಜೋಳ ಹಿಡಿದುಕೊಂಡು ಸೋಲಾಪುರದ ಅಡತಿ ಅಂಗಡಿಗಳ ಮೆಟ್ಟಿಲು ಹತ್ತಿ ಇಳಿದು ನನ್ನ ಕಾಲ ಮೇಲೆ ನಾನು ನಿಂತವನು. ನಾನು ಕೂಗಿ ಕೇಳುತ್ತೇನೆ, ಕೂಗಿ ಹೇಳುತ್ತೇನೆ, ಹತ್ತು ಮಂದಿ ಕೇಳಲಿ ಎಂದೇ ಹೇಳುತ್ತೇನೆ. ಹತ್ತು ಮಂದಿ ಕೇಳಿದ ಮಾತನ್ನು ನುಂಗುವುದು ಕಷ್ಟ. ಈ ಬರಹ ಓದುವವರು ಬೇರೇನನ್ನು ಮರೆತರೂ ಇದೊಂದನ್ನು ನೆನಪಿಡಬೇಕು. ಮಾವ ಮಾತ್ರ ನನ್ನ ಕಂಡು ನಗುತ್ತಿದ್ದ. "ನಿನ್ನ ವ್ಯಾಪಾರ ಅಂದ್ರ ಗಂಡಾ ಹೆಂಡ್ತಿ ಓಣ್ಯಾಗ ನಿಂತು ಜಗಳಾಡಿದಂಗ ಐತಿ ನೋಡು, ಅಳಿಯಾ."

ಸೋಲಾಪುರದಲ್ಲಿ ಮಾರ್ಶಲ್ ಲಾ ಬಂದು ಹೋಗಿ ಊರು ಮತ್ತೆ ಗಿರಣಿಯ ಭೋಂಗಾದ ಕೂಗಿಗೆ ಏಳುವುದನ್ನು ಕಲಿತಿದ್ದ ಕಾಲ. ಅಕ್ಕಲಕೋಟೆಯ ಸಂತೆಯಲ್ಲಿ ಮಾವ ಒಂದು ಹೋರಿಯ ಹಲ್ಲು ನೋಡುತ್ತಿದ್ದ. ದನದ ವಯಸ್ಸು ತಿಳಿಯಬೇಕಾದರೆ ಬಾಯಿ ಬಿಡಿಸಿ ಕೈ ಹಾಕಿಯೇ ನೋಡಬೇಕು. ಹೋರಿ ತಲೆ ಕೊಡವಿತು. ಮಾವನ ಬಲಗೈಯ ಬೆರಳಿನ ಬುಡ ಹಲ್ಲಿಗೆ ಸಿಕ್ಕು ತರಚಿತು. ದೊಡ್ಡ ಗಾಯವಲ್ಲ. ಅರಿಷಿಣ ಮೆತ್ತಿ, ಚಿಂದಿ ಸುತ್ತಿ, ಅದೇ ಕೈಯನ್ನು ವಲ್ಲಿಯ ಕೆಳಗೆ ಹಾಕಿ ಆ ಹೋರಿಯ ವ್ಯಾಪಾರವನ್ನೇ ಮುಗಿಸಿ ಬಂದ.

ಎರಡು ಮೂರು ದಿನಕ್ಕೆ ಕೈ ಬಾತಿತು. ಮುಂಗೈ ಬದನೆಕಾಯಿಯ ಹಾಗೆ ಮಿರುಗತೊಡಗಿತು, ಕಂಕುಳಲ್ಲಿ ಗಡ್ಡೆ, ಮೈತುಂಬ ಜ್ವರ. ನಾನೇ ಚಕ್ಕಡಿ ಕಟ್ಟಿಸಿ ಸ್ಟೇಶನ್ನಿಗೆ ಒಯ್ದು, ರೈಲು ಹತ್ತಿಸಿ, ಸೋಲಾಪುರದ ಪೇಟೆಯಲ್ಲಿದ್ದ ಒಬ್ಬ ಡಾಕ್ಟರರ ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದೆ. ಒಳ್ಳೆ ಹೆಸರಿದ್ದ ಡಾಕ್ಟರು. ಕೈ ಕೊಯ್ದು ಕೀವು ತೆಗೆದರು. ಕೈಯ ಕೆಳಗೆ ಒಂದು ಕಟ್ಟಿಗೆಯ ಹಲಗೆ ಕೊಟ್ಟು ಬೆರಳಿನ ಬುಡದಿಂದ ಮೊಣಕೈತನಕ ಪಟ್ಟಿ ಬಿಗಿದರು. ಬಿಗಿಯುವಾಗ ಮಾವ ಹಲ್ಲು ಕಚ್ಚಿ ಕೂತಿದ್ದ.

"ಭಾಳ ಬಿಗಿ ಆತೇನ್ರಿ, ಸಾಹೇಬ್ರ?" ಎಂದು ನಾನು ಕೇಳಿದೆ.

"ಬಿಗಿ ಇದ್ರನ ಬಾವು ಇಳೀತದ. ನಾ ಲಗ್ನಕ್ಕ ಪುಣೆಕ ಹೊಂಟೀನಿ. ಬಂದ ಮ್ಯಾಗ ನಾನ ಬಿಚ್ಚತೀನಿ. ಅಲ್ಲಿತನಾ ಯಾರೂ ಮುಟ್ಟಬಾರ್ದು." ಮಾವನ ಕಡೆ ತಿರುಗಿ, "ಮಾತು ಕೊಡ್ರಿ ಮತ್ತ. ನಿಮ್ಮ ಹಳ್ಳಿ ಮಂದಿ ಮನಿಗೆ ಹೋದ ಕೂಡ್ಲೆ ಬಿಚ್ಚಿ ಸೊಪ್ಪು ಕಟ್ಟತೀರಿ" ಎಂದರು.

ಮಾವ ಮಾತು ಕೊಟ್ಟ. ಡಾಕ್ಟರರಿಗೆ ಗೊತ್ತಿರಲಿಲ್ಲ, ತಾವು ಎಂಥವನಿಂದ ಮಾತು ತೆಗೆದುಕೊಂಡೆವು ಎಂದು.

ಊರಿಗೆ ಬಂದ ಮೇಲೆ ಪಟ್ಟಿಯಿಂದ ಹೊರಗೆ ಕಾಣುವ ಬೆರಳುಗಳು ಮೊದಲು ನೀಲಿಯಾದವು. ಅತ್ತೆ ಮುಟ್ಟಿ ನೋಡಿದರೆ ತಣ್ಣಗಿದ್ದವು. "ಸ್ವಲ್ಪ ಸಡ್ಲ ಮಾಡ್ತೀನಿ, ಪೂರಾ ಬಿಚ್ಚಂಗಿಲ್ಲ" ಎಂದು ಆಕೆ ಗಂಟಿಗೆ ಕೈ ಹಾಕಿದಳು. ಮಾವ ಎಡಗೈಯಿಂದ ಆಕೆಯ ಕೈ ಸರಿಸಿದ.

"ಮಾತು ಕೊಟ್ಟೀನಿ."

"ಮಾತು ಕೊಟ್ಟಿದ್ದು ಬಾಯಿ. ಸಾಯಾಕತ್ತಿದ್ದು ಕೈ" ಎಂದಳು ಅತ್ತೆ.

ನಾನು ಒಬ್ಬನೇ ಸೋಲಾಪುರಕ್ಕೆ ಓಡಿದೆ. ಡಾಕ್ಟರು ಇನ್ನೂ ಪುಣೆಯಿಂದ ಬಂದಿರಲಿಲ್ಲ. ಕಂಪೌಂಡರ ಔಷಧದ ಶೀಶೆಗಳನ್ನು ಒರೆಸುತ್ತ ಕೂತಿದ್ದ. ಬೆರಳು ನೀಲಿಯಾಗಿವೆ ಎಂದೆ. ತಣ್ಣಗಾಗಿವೆ ಎಂದೆ. "ಸಾಹೇಬ್ರು ಹೇಳದ ನಾ ಏನೂ ಹೇಳಂಗಿಲ್ರಿ. ಕಟ್ಟಿದ್ದು ಅವ್ರು, ಬಿಚ್ಚಾವ್ರೂ ಅವ್ರ" ಎಂದ. ಬೇರೆ ಡಾಕ್ಟರರ ಬಳಿ ಒಯ್ಯಲೇ ಎಂದು ಕೇಳಿದರೆ, "ಒಯ್ದ್ರ ಮುಂದ ನಮ್ಮ ಸಾಹೇಬ್ರು ನಿಮ್ಮನ್ನ ನೋಡಂಗಿಲ್ಲ" ಎಂದ. ಇಂಥ ಮಾತಿಗೆ ಅಂಜಿ ಯಾರೂ ಕೂಡಬಾರದು. ಒಬ್ಬ ಅಡತ್ಯಾ ತೂಕ ಸರಿ ಹಾಕದಿದ್ದರೆ ಪಕ್ಕದ ಅಂಗಡಿಗೆ ಚೀಲ ಹೊರಿಸುತ್ತೀರಲ್ಲ, ಹಾಗೆಯೇ ರೋಗಿಯನ್ನೂ ಹೊರಿಸಬೇಕು. ನಾನು ಊರಿಗೆ ಬಂದು ಅದನ್ನೇ ಹೇಳಿದೆ. ಮಾವ ಜ್ವರದ ಗುಂಗಿನಲ್ಲಿಯೇ ಬೇಡವೆಂದು ತಲೆ ಅಲ್ಲಾಡಿಸಿದ.

ವಾಸನೆ ಬಂದ ಮೇಲೆ ಯಾರ ಮಾತೂ ಉಳಿಯಲಿಲ್ಲ. ಬೆರಳು ಕಪ್ಪಾಗಿದ್ದವು. ಮೈಮೇಲೆ ಎಚ್ಚರವಿಲ್ಲದವನನ್ನು ಹೊತ್ತು ಸೋಲಾಪುರದ ದೊಡ್ಡ ದವಾಖಾನೆಗೆ ಹಾಕಿದೆವು. ಅಲ್ಲಿಯ ಸರ್ಜನ್ನರು ಕತ್ತರಿಯಿಂದ ಪಟ್ಟಿ ಕೊಯ್ದು ತೆಗೆದು, ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಅದೇ ದಿನ ಮೊಣಕೈಯ ಕೆಳಗೆ ಕೈ ತೆಗೆದರು. ಪಡಸಾಲೆಯಲ್ಲಿ ಕೈ ತೊಳೆಯುತ್ತ ಮರಾಠಿಯಲ್ಲಿ ಸಿಟ್ಟಿನಿಂದ ನನಗೆ ಹೇಳಿದರು, ಈ ಪಟ್ಟಿಯನ್ನು ಯಾರಾದರೂ ಹೊತ್ತಿಗೆ ಸರಿಯಾಗಿ ಸಡಿಲ ಮಾಡಿದ್ದರೆ ಇವನ ಕೈ ಇರುತ್ತಿತ್ತು, ಬಿಗಿದವನಿಗೆ ಅಕಲು ಇರಲಿಲ್ಲವೇ ಎಂದು. ಆ ಸಿಟ್ಟು ಬಿಸಿ ಇರುವಾಗಲೇ ಅವರಿಂದ ನಾಲ್ಕು ಸಾಲು ಬರೆಸಿಕೊಳ್ಳಬೇಕಾಗಿತ್ತು. ನಾವು ಆಗ ಮಾವ ಉಳಿಯುತ್ತಾನೋ ಇಲ್ಲವೋ ಎಂಬುದರಲ್ಲಿದ್ದೆವು. ಆಮೇಲೆ ಹೋಗಿ ಕೇಳಿದಾಗ ಅದೇ ಸರ್ಜನ್ನರು, "ನಾನು ಹಾಗೆ ಹೇಳಿದ ನೆನಪಿಲ್ಲ. ಇನ್ನೊಬ್ಬ ಡಾಕ್ಟರರ ಮೇಲೆ ನಾನು ಮಾತಾಡುವುದಿಲ್ಲ" ಎಂದು ಟೊಪ್ಪಿಗೆ ಹಾಕಿಕೊಂಡು ಎದ್ದರು.

ಮಾವ ಉಳಿದ. ಉಳಿದು ಮನೆಗೆ ಬಂದು, ಕಟ್ಟೆಯ ಮೇಲೆ ಕೂತು, ಇಲ್ಲದ ಬೆರಳುಗಳು ನೋಯುತ್ತವೆ ಎಂದು ಹೇಳುತ್ತಿದ್ದ. ಕಿರುಬೆರಳು ಹೆಚ್ಚು ನೋಯುತ್ತದೆ ಎನ್ನುತ್ತಿದ್ದ. ಸಂತೆಗೆ ಹೋಗುವ ಹಾಗಿರಲಿಲ್ಲ. ವಲ್ಲಿಯ ಕೆಳಗೆ ಎಡಗೈ ಕೊಡುವುದು ನಮ್ಮಲ್ಲಿ ಎದುರಿನವನಿಗೆ ಅವಮಾನ. ಇಬ್ಬರು ಗಂಡುಮಕ್ಕಳು ಇನ್ನೂ ಸಣ್ಣವರು. ನಾನು ಲೆಕ್ಕ ಹಾಕಿ ನೋಡಿದೆ. ಅಕ್ಕಲಕೋಟೆಯ ಸಂತೆಗೆ ಹೋಗುವ ದಾರಿಯಲ್ಲಿ ಒಂದು ಅಂಗಡಿ ಇಟ್ಟರೆ, ಹಗ್ಗ, ಮೂಗುದಾರ, ಗೆಜ್ಜೆಪಟ್ಟಿ, ಬಾರುಕೋಲು ಮಾರಿದರೆ, ದನದ ಮಂದಿಯೆಲ್ಲ ಮಾವನಿಗೆ ಗುರುತು, ಒಂದೇ ಕೈಯಿಂದಲೂ ನಡೆಯುತ್ತದೆ. ಅಂಗಡಿಗೆ ಬಂಡವಾಳ ಕೊಡಬೇಕಾದವರು ಅವನ ಕೈ ಕಳೆದ ಡಾಕ್ಟರು. ನುಕಸಾನ ಭರಪಾಯಿ, ಪರಿಹಾರದ ಹಣ ಕೇಳೋಣ ಎಂದೆ.

ಮೊದಲು ಅಕ್ಕಲಕೋಟೆಯಲ್ಲಿ ಸಂಸ್ಥಾನದ ಕಚೇರಿಗೆ ಹೋದೆವು. ಪಟ್ಟಿ ಕಟ್ಟಿದ್ದು ಸೋಲಾಪುರದಲ್ಲಿ, ಅದು ಇಂಗ್ರೇಜರ ಸರಹದ್ದು, ಅಲ್ಲಿಯೇ ಹೋಗಿರಿ ಎಂದರು. ಸೋಲಾಪುರದಲ್ಲಿ ಕನ್ನಡ ಬರುವ ಒಬ್ಬ ವಕೀಲರನ್ನು ಹಿಡಿದೆ. ಅವರು ಎಲ್ಲ ಕೇಳಿಸಿಕೊಂಡು ಡಾಕ್ಟರರಿಗೆ ನೋಟೀಸು ಕೊಟ್ಟರು.

ನೋಟೀಸು ಮುಟ್ಟಿದ ಮುಂದಿನ ವಾರ ಮಂದ್ರೂಪದ ಒಬ್ಬ ಎತ್ತಿನ ವ್ಯಾಪಾರಿ ನಮ್ಮ ಕಟ್ಟೆಗೆ ಬಂದ. ಮಾವನಿಗೆ ಬಹಳ ವರ್ಷದ ಪರಿಚಯ, ಡಾಕ್ಟರರ ಮನೆಗೂ ಹಾಲಿನ ಎಮ್ಮೆ ಕೊಡಿಸಿದವನು. ಚಹಾ ಆಯಿತು, ಮಳೆಯ ಮಾತಾಯಿತು.

"ಡಾಕ್ಟರಸಾಹೇಬ್ರು ನಿದ್ದಿ ಬಿಟ್ಟಾರ. ಕೋರ್ಟು ಕಚೇರಿ ಬ್ಯಾಡ ಅಂತಾರ. ಏನೈತಿ ಅದನ್ನ ಮುಗಿಸಿ ಬಾ ಅಂತ ನನ್ನ ಕಳಿಸ್ಯಾರ" ಎಂದ.

ನಾನು, "ಹೇಳ್ರಿ ಹಂಗಾರ, ಎಷ್ಟು?" ಎಂದೆ. ಅವನು ನನ್ನನ್ನು ನೋಡಲೂ ಇಲ್ಲ. ಹೆಗಲ ಮೇಲಿನ ವಲ್ಲಿ ತೆಗೆದು ಮಾವನ ಮುಂದೆ ಹಾಸಿದ. ಹಾಸಿ, ಮಾವನ ಬಲಗಡೆಯ ಖಾಲಿ ತೋಳು ನೋಡಿ, ತಡೆದ.

ಮಾವ ಎಡಗೈ ಒಳಗೆ ಹಾಕಿದ. "ಎಡಗೈ ಅಂತ ಹೇಸಿಕೋಬ್ಯಾಡ. ಬಲಗೈ ನಿಮ್ಮ ಡಾಕ್ಟರನ ಕಡೆ ಐತಿ."

ನಾನು ಪಕ್ಕದಲ್ಲಿಯೇ ಕೂತಿದ್ದೆ. ಬಟ್ಟೆ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಮಾವ, "ಇದು ಒಂದು ಕೈಗೆ ಆತು. ನಾ ಕೇಳಾಕತ್ತಿದ್ದು ಕಸಬಿಂದು" ಎಂದ. ಮಂದ್ರೂಪದವನು ವಲ್ಲಿಯನ್ನು ಇನ್ನಷ್ಟು ಮುಂದೆ ಎಳೆದು ಮತ್ತೆ ಬೆರಳು ಹಿಡಿದ. ಮಾವನ ಮುಖ ನೋಡಿದೆ. ಕೈ ಹೋದಂದಿನಿಂದ ಆ ಮುಖದ ಮೇಲೆ ನಾನು ಕಾಣದಿದ್ದ ಒಂದು ಕಳೆ ಬಂತು. ಎಷ್ಟೋ ದಿನಗಳ ಮೇಲೆ ಅವನು ತನ್ನ ಕೆಲಸ ಮಾಡುತ್ತಿದ್ದ. "ಆತು" ಎಂದ. ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಮಂದ್ರೂಪದವನು ಎದ್ದ.

ಅವನು ಓಣಿ ದಾಟಿದ ಕೂಡಲೇ ನಾನು ಕೇಳಿದೆ. "ಎಷ್ಟಕ್ಕ ಮುಗೀತು, ಮಾವಾ?"

"ಅಂಗಡಿ ಆಗತೈತಿ."

"ಎಷ್ಟು ಅಂತ ಕೇಳಿದೆ."

"ನಿಂಗ ಕಾಳಿನ ಅಂಗಡ್ಯಾಗಿನ ಚಟ ಹೋಗಂಗಿಲ್ಲ ನೋಡು" ಎಂದು ನಕ್ಕ. ಅತ್ತೆಯನ್ನು ಕರೆದು ಅಂಗಡಿಯ ಮುಂದೆ ಮಾಡು ಹಾಕಿಸಬೇಕು, ಬಿಸಿಲಿಗೆ ಹಗ್ಗ ಒಣಗಿ ಹುರಿ ಬಿಡುತ್ತದೆ ಎಂದು ಹೇಳಿದ. ಆ ವಾರವೇ ಹೋಗಿ ಜಾಗದ ಮಾತಾಡಿಯೂ ಬಂದ.

ಹಣ ಬರಲಿಲ್ಲ. ಮಂದ್ರೂಪದವನನ್ನು ಹುಡುಕಿಕೊಂಡು ಹೋದರೆ, ಡಾಕ್ಟರು ಮನಸ್ಸು ಬದಲಿಸಿದ್ದಾರೆ, ಅವರಿಗೆ ದೊಡ್ಡ ವಕೀಲರು ಸಿಕ್ಕಿದ್ದಾರೆ, ಕಾಗದ ಇಲ್ಲ, ಮುಂಗಡದ ಇಸಾರ ಇಲ್ಲ, ಯಾಕೆ ಕೊಡುತ್ತೀರಿ ಎಂದು ಹೇಳಿದ್ದಾರೆ ಎಂದ. ಹೇಳುವಾಗ ನೆಲ ನೋಡುತ್ತಿದ್ದ. ಅವನು ನಾಚಿದ್ದನ್ನು ನಾನು ಸುಳ್ಳೆನ್ನುವುದಿಲ್ಲ. ಸಾಕ್ಷಿಗೆ ಬರುತ್ತೀರಾ ಎಂದರೆ ಮಾತ್ರ, "ನಾ ಎತ್ತು ನೋಡಾಕ ಬಂದಿದ್ದೆ ಅಂತ ಹೇಳಬೇಕಾಗತೈತಿ. ಕರಿಬ್ಯಾಡ್ರಿ" ಎಂದ.

ದಾವೆ ಹಾಕಿದೆವು. ನಮ್ಮ ವಕೀಲರು ಬಿಡಿಸಿ ಹೇಳಿದರು. ಕಂಪೌಂಡರ ಡಾಕ್ಟರರ ಕಡೆ ಹೇಳುತ್ತಾನೆ. ದೊಡ್ಡ ದವಾಖಾನೆಯವರು ಬಾಯಿ ಬಿಡುವುದಿಲ್ಲ. ಪಟ್ಟಿಯನ್ನು ಕೊಯ್ದು ಒಗೆದಾಗಿದೆ. ನೀವು ಮನೆಯಲ್ಲಿ ಸೊಪ್ಪುಸದೆ ಕಟ್ಟಿ ಕೆಡಿಸಿಕೊಂಡಿರಿ ಎಂದು ಅವರು ವಾದಿಸುತ್ತಾರೆ. ನಮ್ಮ ಕೈಯಲ್ಲಿ ಉಳಿದದ್ದು ಒಂದೇ. ತಪ್ಪಿಲ್ಲದವನು ಇಷ್ಟು ದೊಡ್ಡ ಮೊತ್ತ ಕೊಡಲು ಯಾಕೆ ಒಪ್ಪಿದ ಎಂದು ಕೇಳುವುದು. "ಆದ್ರ ಮೊತ್ತ ಎಷ್ಟು ಅಂತ ಇವರು ಕೋರ್ಟಿನಾಗ ಬಾಯಿಬಿಟ್ಟು ಹೇಳಬೇಕು. 'ಏನೋ ಕೊಡ್ತೀನಿ ಅಂದಿದ್ರು' ಅಂದ್ರ, ಅದು ದಯಾ ದಾಕ್ಷಿಣ್ಯ ಆಗತದ" ಎಂದರು.

ಸಾಕ್ಷಿ ಹೇಳುವ ಹಿಂದಿನ ರಾತ್ರಿ ಸೋಲಾಪುರದ ಧರ್ಮಶಾಲೆಯಲ್ಲಿ ಉಳಿದಾಗ ನಾನು ಮಾವನ ಕಾಲು ಹಿಡಿಯುವುದೊಂದು ಬಾಕಿ. "ಮಾತು ಮುರದವ ಆ ಡಾಕ್ಟರ. ನೀ ಇನ್ನ ಯಾಕ ಹಿಡಕೊಂಡು ಕೂತಿ?"

"ಅಂವಾ ಮುರದಿದ್ದು ಕೊಡೂ ಮಾತು. ಹೇಳಬಾರದು ಅನ್ನೂದು ಬ್ಯಾರೆ."

"ಮಕ್ಕಳ ಮುಖ ನೋಡು."

ಮಾವ ಗೋಡೆಯ ಕಡೆ ತಿರುಗಿ ಮಲಗಿದ. ಅಲ್ಲಿಂದಲೇ, "ಕೋರ್ಟಿನಾಗ ಕೇಳಿದ್ರ ಹೇಳತೀನಿ" ಎಂದ. ನಾನು ಅದನ್ನೇ ಗಟ್ಟಿ ಹಿಡಿದುಕೊಂಡೆ.

ಕೋರ್ಟಿನಲ್ಲಿ ಮಾವ ಖಾಲಿ ತೋಳಿನ ಅಂಗಿಯನ್ನು ಮಡಚಿ ಪಿನ್ನು ಹಾಕಿಕೊಂಡು ಕಟಕಟೆಯಲ್ಲಿ ನಿಂತ. ಪ್ರಮಾಣಕ್ಕೆ ಎಡಗೈ ಎತ್ತಿದಾಗ ಹಿಂದೆ ಯಾರೋ ಕಿಸಕ್ಕೆಂದರು. ಮಂದ್ರೂಪದವನು ಬಂದದ್ದು, ವಲ್ಲಿ ಹಾಸಿದ್ದು, ವ್ಯಾಪಾರ ಮುಗಿದದ್ದು, ಎಲ್ಲ ಸರಿಯಾಗಿ ಹೇಳಿದ. ನಮ್ಮ ವಕೀಲರು ಮೊತ್ತವನ್ನು ಕೇಳುವಷ್ಟರಲ್ಲಿ ಡಾಕ್ಟರರ ವಕೀಲರು ಎದ್ದು ತಕರಾರು ಮಾಡಿದರು. ಮೊದಲು ತಾವು ಸಾಕ್ಷಿಯನ್ನು ಎರಡೇ ಪ್ರಶ್ನೆ ಕೇಳಬೇಕು ಎಂದರು. ಜಡ್ಜಸಾಹೇಬರು ಒಪ್ಪಿದರು. ವಕೀಲರು ಬಲು ಮೃದುವಾಗಿ, ಮರಾಠಿ ಬಿಟ್ಟು ನಮ್ಮ ಮಾತಿನಲ್ಲಿಯೇ ಶುರು ಮಾಡಿದರು.

"ಮಾವಾರ, ನಾವು ಕೋಟು ಹಾಕ್ಕೊಂಡ ಮಂದಿ. ದನದ ಸಂತಿ ರಿವಾಜು ನಮಗ ಗೊತ್ತಿಲ್ಲ. ವಲ್ಲಿ ಯಾಕ ಹಾಸತಾರ, ಸ್ವಲ್ಪ ತಿಳಿಸಿ ಹೇಳ್ರಿ."

ಅಷ್ಟು ಮರ್ಯಾದೆಯಿಂದ ಆ ಊರಿನಲ್ಲಿ ಮಾವನನ್ನು ಯಾರೂ ಕೇಳಿರಲಿಲ್ಲ. ಅವನು ನೆಟ್ಟಗೆ ನಿಂತ. "ಬೆಲಿ ಇಬ್ಬರದರೀ. ಮೂರನೇದವನ ಕಿವಿಗೆ ಬೀಳಬಾರ್ದು."

"ವ್ಯಾಪಾರ ಮುರದು ಹೋದ್ರ? ಆಗಾರ ಹೇಳಬಹುದಲ್ರಿ?"

"ಮುರದ ಮ್ಯಾಗ ಅಂತೂ ಹೇಳಲೇಬಾರ್ದರೀ. ಹೇಳಿದ್ರ ಅದಕ್ಕಿಂತ ಹೆಚ್ಚಿಗಿ ಆ ದನಾನ ಮುಂದ ಯಾರೂ ಕೇಳಂಗಿಲ್ಲ."

"ಅಂದ್ರ, ಹೊರಗ ಹೇಳಂಗಿಲ್ಲ ಅನ್ನೂ ಕರಾರಿನ ಮ್ಯಾಲೇ ಇಬ್ಬರೂ ಕೈ ಒಳಗ ಹಾಕತೀರಿ. ನೀವೂ ಅವತ್ತ ಹಂಗ ಹಾಕಿದ್ರಿ."

"ಹೌದ್ರಿ. ಅದಕ್ಕ ವಲ್ಲಿ."

ನಮ್ಮ ವಕೀಲರು ಕಣ್ಣು ಮುಚ್ಚಿಕೊಂಡರು. ಅವರ ವಕೀಲರು ಜಡ್ಜಸಾಹೇಬರ ಕಡೆ ತಿರುಗಿ, ರಾಜಿಯ ಮಾತನ್ನು ಹೊರಗೆ ಹೇಳಬಾರದೆಂಬ ಕರಾರಿನ ಮೇಲೆ ಆಡಿದ್ದರೆ ಅದನ್ನು ಸಾಕ್ಷ್ಯದಲ್ಲಿ ತೆಗೆದುಕೊಳ್ಳಬಾರದೆಂದು ಕಾಯ್ದೆಯೇ ಇದೆ, ಕರಾರು ಇತ್ತೆಂದು ಫಿರ್ಯಾದಿಯೇ ಈಗ ಪ್ರಮಾಣ ಮಾಡಿ ಹೇಳಿದ್ದಾನೆ ಎಂದರು. ಜಡ್ಜಸಾಹೇಬರು ಪುಸ್ತಕ ತೆಗೆಸಿ ನೋಡಿದರು. ಬರೆಯುತ್ತಿದ್ದ ಲೇಖನಿಯನ್ನು ಕೆಳಗಿಟ್ಟು, ಆ ಮಾತು ಬಿಟ್ಟುಬಿಡಿ, ಮುಂದೆ ನಡೆಯಲಿ ಎಂದರು. ಮಾವ ಮೊತ್ತ ಹೇಳಲು ತಯಾರಾಗಿ ಬಂದಿದ್ದ. ಅವನನ್ನು ಯಾರೂ ಕೇಳಲಿಲ್ಲ.

ಮುಂದೆ ನಡೆದದ್ದು ವಕೀಲರು ಮೊದಲೇ ಹೇಳಿದಂತೆಯೇ ನಡೆಯಿತು. ಮರುದಿನವೇ ಬಾ ಎಂದು ಸಾಹೇಬರು ಹೇಳಿದ್ದರು, ಇವರು ಬರಲಿಲ್ಲ ಎಂದು ಕಂಪೌಂಡರ ಹೇಳಿದ. ಅವನ ಬಾಯಲ್ಲಿ ಪುಣೆಯ ಲಗ್ನದ ಮಾತೇ ಬರಲಿಲ್ಲ. ನಾನು ಎರಡೂ ದವಾಖಾನೆಗಳಲ್ಲಿ ಕೇಳಿದ್ದನ್ನು ಹೇಳಿದೆ. ನೀನು ಫಿರ್ಯಾದಿಯ ಅಳಿಯನಲ್ಲವೇ ಎಂದರು. ಡಾಕ್ಟರು ನಮ್ಮ ಕಡೆ ಒಮ್ಮೆಯೂ ನೋಡಲಿಲ್ಲ, ತಮ್ಮ ಬೂಟು ನೋಡುತ್ತ ಕೂತಿದ್ದರು. ದಾವೆ ವಜಾ ಆಯಿತು. ಕೋರ್ಟಿನ ಖರ್ಚೂ ನಮ್ಮ ಮೇಲೆಯೇ ಬಿತ್ತು.

ಹೊರಗೆ ಬೇವಿನ ಗಿಡದ ಕೆಳಗೆ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಎರಡು ಪ್ರಶ್ನಿಗೆ ಮನಿ ಮುಳುಗಿಸಿ ಬಂದಿ. ನೆನಪಿಲ್ಲ ಅನ್ನಬೇಕಿತ್ತು."

"ಅಂವಾ ಕೇಳಿದ್ದು ಖರೇನ ಕೇಳಿದ. ನಾ ಖರೇ ಹೇಳಿದೆ" ಎಂದ ಮಾವ. ಆಮೇಲೆ ಸ್ವಲ್ಪ ದೂರ ನಡೆದ ಮೇಲೆ, "ಭಾಳ ಶ್ಯಾಣ್ಯಾ ಅದಾನ. ದನದ ಸಂತ್ಯಾಗಿದ್ರ ದೊಡ್ಡ ದಲಾಲ ಆಗ್ತಿದ್ದ" ಎಂದ.

ನನ್ನಂತೆ ವ್ಯಾಪಾರದಲ್ಲಿ ಬೆಳೆದವರು ಯಾರಾದರೂ ಇಂಥದ್ದಕ್ಕೆ ಸಿಕ್ಕರೆ ಹೇಳುತ್ತೇನೆ ಕೇಳಿ. ರಾಜಿಗೆ ಬಂದವನನ್ನು ಕಟ್ಟೆಯ ಮೇಲೆ ಕೂಡಿಸಬೇಡಿ, ವಕೀಲರ ಮನೆಗೆ ಕರೆದೊಯ್ಯಿರಿ. ನಿಮ್ಮ ದಂಧೆಯ ರಿವಾಜು ನಿಮ್ಮ ದಂಧೆಯವರ ನಡುವೆ ಮಾತ್ರ ನಡೆಯುತ್ತದೆ. ಡಾಕ್ಟರು ಆ ಬಟ್ಟೆಯ ಕೆಳಗೆ ತಾವು ಕೈ ಹಾಕಿರಲಿಲ್ಲ, ಬಾಡಿಗೆಯ ಕೈ ಕಳಿಸಿದ್ದರು. ಇದು ನನಗೆ ಹೊಳೆಯುವ ಹೊತ್ತಿಗೆ ಹೊಳೆದು ಉಪಯೋಗ ಇರಲಿಲ್ಲ.

ಅಂಗಡಿಯ ಜಾಗವನ್ನು ಬೇರೆ ಯಾರೋ ತೆಗೆದುಕೊಂಡು ಚಹಾದ ಅಂಗಡಿ ಹಾಕಿದರು. ಯಾರ ಹೊಲಕ್ಕೂ ಕೂಲಿಗೆ ಹೋಗಿರದ ಅತ್ತೆ ಹತ್ತಿ ಬಿಡಿಸಲು ಹೋದಳು, ಜೋಳದ ಸುಗ್ಗಿಗೆ ಹೋದಳು. ದೊಡ್ಡ ಮಗ ಸಾಲೆ ಬಿಟ್ಟು ಸೋಲಾಪುರದ ಗಿರಣಿ ಸೇರಿದ. ಮಾವ ಮತ್ತೆ ಸಂತೆಗೆ ಹೋಗತೊಡಗಿದ. ಕೋರ್ಟಿನಲ್ಲಿ ನಡೆದದ್ದು ಎಲ್ಲರಿಗೂ ಮುಟ್ಟಿತ್ತು. ಮಂದಿ ಎದ್ದು ನಿಂತು ಜಾಗ ಕೊಡುತ್ತಿದ್ದರು, ಚಹಾ ತರಿಸುತ್ತಿದ್ದರು, ಹೋರಿಯ ಹಲ್ಲಿನ ಬಗ್ಗೆ ಕೇಳುತ್ತಿದ್ದರು. ವಲ್ಲಿ ಮಾತ್ರ ಅವನ ಮುಂದೆ ಯಾರೂ ಹಾಸಲಿಲ್ಲ. ಎಡಗೈಗೆ ಕೈ ಕೊಟ್ಟು ಎತ್ತು ಕೊಂಡರೆ ಎತ್ತು ಬಾಳುವುದಿಲ್ಲ ಎಂದು ಅವರ ನಂಬಿಕೆ. ಸಂಜೆ ಅವರ ದನಗಳಿಗೆ ನೀರು ಕುಡಿಸಿ, ಅವರು ಕೊಟ್ಟದ್ದನ್ನು ಟೊಪ್ಪಿಗೆಯಲ್ಲಿಟ್ಟುಕೊಂಡು ಬರುತ್ತಿದ್ದ.

ಕೊನೆಗೆ ಮಾವ ಎದೆಯ ಬೇನೆಯಿಂದ ಹಾಸಿಗೆ ಹಿಡಿದ. ಸೋಲಾಪುರಕ್ಕೆ ಒಯ್ಯುತ್ತೇನೆ ಎಂದೆ. ಒಲ್ಲೆ ಎಂದ. ಒಂದು ಮಧ್ಯಾಹ್ನ ಅತ್ತೆ ಹೊಲಕ್ಕೆ ಹೋದಾಗ ನಾನೊಬ್ಬನೇ ಕೂತಿದ್ದೆ. ಎಷ್ಟೋ ವರ್ಷ ನುಂಗಿಕೊಂಡಿದ್ದನ್ನು ಕೇಳಿಬಿಟ್ಟೆ. "ಮಾವಾ, ಅವತ್ತ ಮಂದ್ರೂಪದಾಂವ ಎಷ್ಟು ಹಿಡದಿದ್ದ?"

ಅವನು ನನ್ನ ಹೆಗಲು ನೋಡಿದ. ನನಗೆ ಅರ್ಥವಾಗಿ ವಲ್ಲಿ ತೆಗೆದೆ. "ಹಾಸು" ಎಂದ. ಹಾಸಿದೆ. ಬಟ್ಟೆಯ ಕೆಳಗೆ ಎಡಗೈ ಬಂದು ನನ್ನ ಬೆರಳುಗಳನ್ನು ಹುಡುಕಿತು. ಬಿಸಿಯಾಗಿತ್ತು. ಮೊದಲು ಹಿಡಿದದ್ದು ನನಗೆ ತಿಳಿಯಲಿಲ್ಲ, ನಾನು ಆ ದಂಧೆಯವನಲ್ಲ. ಅವನು ಬೇಸರವಿಲ್ಲದೆ ಮತ್ತೊಮ್ಮೆ ನಿಧಾನವಾಗಿ ಹಿಡಿದು ತೋರಿಸಿದ. ತಿಳಿಯಿತು. ದಯೆಯಿಂದ ಯಾರೂ ಅಷ್ಟು ಕೊಡುವುದಿಲ್ಲ. ಅಷ್ಟು ಕೊಡಲು ಒಪ್ಪಿದ ಮನುಷ್ಯನಿಗೆ ತಾನು ಬಿಗಿದ ಪಟ್ಟಿ ಏನು ಮಾಡಿತೆಂದು ಚೆನ್ನಾಗಿ ಗೊತ್ತಿತ್ತು.

"ತಿಳೀತೇನು?"

"ತಿಳೀತು."

"ಹಂಗಾರ ವಲ್ಲಿ ಹೆಗಲಿಗೆ ಹಾಕ್ಕೊ" ಎಂದ.

ಆ ವಾರವೇ ಹೋದ. ಅವನನ್ನು ಹೊಲದ ಬದುವಿನ ಕುಣಿಯಲ್ಲಿ ಕೂಡಿಸಿ ಮಣ್ಣು ಕೊಟ್ಟು ಬಂದ ಮೇಲೆ ಗಿರಣಿಯಿಂದ ಬಂದಿದ್ದ ದೊಡ್ಡ ಮಗ ನನ್ನನ್ನು ಬದಿಗೆ ಕರೆದು, "ಅಪ್ಪ ನಿಮಗಾರ ಹೇಳಿದ್ನೇನ್ರಿ, ಆ ಡಾಕ್ಟರ ಎಷ್ಟು ಕೊಡ್ತೀನಂದಿದ್ದ ಅಂತ?" ಎಂದು ಕೇಳಿದ. ಅವನ ಬೆರಳಿನ ಸಂದಿಯಲ್ಲಿ ಹತ್ತಿಯ ಎಳೆಗಳು ಹತ್ತಿಕೊಂಡಿದ್ದವು. ನಾನು ಜೀವಮಾನವೆಲ್ಲ ಬೆಲೆಯನ್ನು ಕೂಗಿ ಹೇಳಿದವನು. ಹೇಳಲಿಕ್ಕೆಂದು ಬಾಯಿ ತೆರೆದೆ. ಹೆಗಲ ಮೇಲೆ ಅದೇ ವಲ್ಲಿ ಇತ್ತು.

"ನೀರು ಹಾಕ್ಕೊಂಡು ಊಟಕ್ಕ ಬಾ. ನಿಮ್ಮವ್ವ ಕಾಯಾಕತ್ತಾಳ" ಎಂದೆ.